ಟವರ್ ತೋರಿಸುತ್ತದೆ, ಕರೆ ಹೋಗಲ್ಲ: 2ಜಿ–4ಜಿ ನಡುವೆ ಸಿಕ್ಕಿಬಿದ್ದ ಫೋನಿಗೆ ಮಲೆನಾಡಿನ ದೋಷ ನಿವಾರಣೆ ಕೈಪಿಡಿ

ಫೋನಿನಲ್ಲಿ ಮೂರು ಕಡ್ಡಿ ಕಾಣುತ್ತದೆ. ಡಯಲ್ ಮಾಡಿದರೆ ಹತ್ತು ಸೆಕೆಂಡ್ ಮೌನ, ಆಮೇಲೆ ಕಟ್. ಅದೇ ಫೋನಿನಲ್ಲಿ ವಾಟ್ಸಾಪ್ ಸಂದೇಶ ಸಲೀಸಾಗಿ ಹೋಗುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಊರುಗಳಲ್ಲಿ ಇದನ್ನು "ಟವರ್ ಸರಿ ಇಲ್ಲ" ಎಂದು ಬಿಟ್ಟುಬಿಡುವವರೇ ಹೆಚ್ಚು. ಎಷ್ಟೋ ಸಲ ಟವರ್ ಸರಿಯಾಗಿಯೇ ಇರುತ್ತದೆ, ತಪ್ಪು ದಾರಿ ಹಿಡಿದು ಕೂತಿರುವುದು ಫೋನಿನ ಒಳಗಿನ ತಂತ್ರಾಂಶ.

2ಜಿ, 3ಜಿಯಲ್ಲಿ ಮಾತಿಗೆ ಒಂದು ದಾರಿ, ಇಂಟರ್ನೆಟ್‌ಗೆ ಇನ್ನೊಂದು ದಾರಿ ಇತ್ತು. 4ಜಿಯಲ್ಲಿ ಎಲ್ಲವೂ ಡೇಟಾ, ಮಾತು ಕೂಡ. ಆ ಡೇಟಾ ದಾರಿಯಲ್ಲಿ ಮಾತನ್ನು ಕಳಿಸುವ ಏರ್ಪಾಡಿಗೆ ವೋಎಲ್‌ಟಿಇ ಎನ್ನುತ್ತಾರೆ. ಕೆಲವು ಫೋನುಗಳಲ್ಲಿ ಇದೇ '4ಜಿ ಕಾಲಿಂಗ್' ಅಥವಾ 'ಎಚ್‌ಡಿ ವಾಯ್ಸ್' ಎಂಬ ಹೆಸರಿನಲ್ಲಿರುತ್ತದೆ. ಅದು ಕೆಲಸ ಮಾಡದಿದ್ದರೆ ಕರೆ ಬಂದಾಗಲೆಲ್ಲ ಫೋನ್ 4ಜಿ ಬಿಟ್ಟು 3ಜಿಗೋ 2ಜಿಗೋ ಇಳಿಯಬೇಕು, ಮಾತು ಮುಗಿದ ಮೇಲೆ ಮತ್ತೆ ಹತ್ತಬೇಕು. ಏರ್‌ಟೆಲ್ 3ಜಿ ನಿಲ್ಲಿಸಿ ವರ್ಷಗಳಾದವು. ಜಿಯೊ 2016ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದೇ 4ಜಿಯಿಂದ, ಅದಕ್ಕೆ 2ಜಿ, 3ಜಿ ಎರಡೂ ಇಲ್ಲ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಸುಮಾರು 97,500 ಟವರ್‌ಗಳೊಂದಿಗೆ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಹೀಗೆ ನಡುವಿನ ಮೆಟ್ಟಿಲಾಗಿದ್ದ 3ಜಿ ಕಳಚಿದ ಕಡೆಗಳಲ್ಲಿ ಹಳೆಯ ಫೋನುಗಳು ಎಡವುತ್ತಿವೆ.

ಏನೇ ತೊಂದರೆ ಇರಲಿ, ಮೊದಲು ಇಷ್ಟು ನೋಡಿ

ನಿಂತಿರುವುದು ಕರೆಯೋ, ನೆಟ್ಟೋ, ಎಸ್‌ಎಂಎಸ್ಸೋ, ಮೂರೂ ಒಟ್ಟಿಗೋ? ಇದನ್ನು ಗೊತ್ತು ಮಾಡಿಕೊಳ್ಳದೆ ಸೆಟ್ಟಿಂಗ್ಸ್ ಮುಟ್ಟಬೇಡಿ. ಆಮೇಲೆ ಪಕ್ಕದ ಮನೆಯವರಲ್ಲಿ ಅದೇ ಕಂಪನಿಯ ಸಿಮ್ ಇದ್ದವರನ್ನು ಕೇಳಿ. ಅವರದ್ದೂ ನಿಂತಿದ್ದರೆ ನಿಮ್ಮ ಫೋನನ್ನು ಬಿಚ್ಚಿ ಪ್ರಯೋಜನವಿಲ್ಲ.

ಕರೆನ್ಸಿ ವ್ಯಾಲಿಡಿಟಿ ಮುಗಿದಿದೆಯೇ ನೋಡಿ. ಮುಗಿದ ಕೆಲವು ದಿನ ಒಳಬರುವ ಕರೆ ನಡೆಯುತ್ತಿದ್ದು ಹೊರಹೋಗುವುದು ಮಾತ್ರ ನಿಂತಿರಬಹುದು. ಜನ ಅದನ್ನು ನೆಟ್‌ವರ್ಕ್ ತೊಂದರೆ ಎಂದುಕೊಳ್ಳುತ್ತಾರೆ.

ಏರೋಪ್ಲೇನ್ ಮೋಡ್ ಹಾಕಿ, 30 ಸೆಕೆಂಡ್ ಕಾದು ತೆಗೆಯಿರಿ. ಹಾಕಿದ ಕೂಡಲೇ ತೆಗೆದರೆ ಫೋನ್ ಹಳೆಯ ಟವರ್‌ಗೇ ಅಂಟಿಕೊಳ್ಳುವುದುಂಟು. ಬಸ್ಸಿನಲ್ಲಿ ಘಾಟಿ ಹತ್ತಿ ಬಂದ ಮೇಲೆ ನೆಟ್‌ವರ್ಕ್ ಸತ್ತಂತೆ ಕೂತಿದ್ದರೆ ಅರ್ಧ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಮಳೆಗಾಲವಾದರೆ ಸಿಮ್ ಹೊರತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಹಾಗೆಯೇ ಸಿಮ್ಮಿನ ಚಿನ್ನದ ಬಣ್ಣದ ಮೈಮೇಲೂ ಮಸುಕು ಪೊರೆ ಕೂರುತ್ತದೆ. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು. ಬ್ಲೇಡು, ಮರಳು ಕಾಗದ, ಸೀಮೆಎಣ್ಣೆ ಬೇಡ. ಟ್ರೇ ಒಳಗೆ ತೇವ ಕಂಡರೆ ಫೋನ್ ಆಫ್ ಮಾಡಿ ಒಣಗಲು ಬಿಡಿ. ಬಚ್ಚಲ ಒಲೆಯ ಮೇಲಿಟ್ಟು ಕಾಯಿಸಿದರೆ ಬ್ಯಾಟರಿ ಉಬ್ಬುತ್ತದೆ.

ಕಡ್ಡಿ ಪೂರ್ತಿ ಇದೆ, ಊರಿನಲ್ಲಿ ಯಾರಿಗೂ ನೆಟ್ ಇಲ್ಲ

ನಿಮ್ಮ ಫೋನಿಗೂ ಟವರ್‌ಗೂ ಇರುವ ಸಂಪರ್ಕ ಸರಿ ಇದೆ, ಟವರ್‌ನಿಂದ ಹಿಂದಕ್ಕೆ ಹೋಗುವ ಕೊಂಡಿ ತುಂಡಾಗಿದೆ ಎಂಬುದಕ್ಕೆ ಇದು ಗುರುತು. ಫೋನ್ ಬಳಸುವ 700ರಿಂದ 2300 ಮೆಗಾಹರ್ಟ್ಸ್ ತರಂಗಗಳಿಗೆ ಆಗುಂಬೆಯ ಮಳೆಯೂ ದೊಡ್ಡ ಅಡ್ಡಿಯಲ್ಲ. ಆದರೆ ಗುಡ್ಡದಿಂದ ಗುಡ್ಡಕ್ಕೆ ಡಿಶ್ ಮೂಲಕ ಹೋಗುವ ಮೈಕ್ರೋವೇವ್ ಕೊಂಡಿಗಳ ಕಂಪನಾಂಕ ಬಹಳ ಕಡೆ 10 ಗಿಗಾಹರ್ಟ್ಸ್‌ಗಿಂತ ಮೇಲಿರುತ್ತದೆ. ಜಡಿಮಳೆ ಹಿಡಿದಾಗ ಅವು ಸೊರಗುತ್ತವೆ, ಮಳೆ ಹೊಳವಾದಾಗ ತಾವಾಗಿಯೇ ಏಳುತ್ತವೆ. ಹೊಳವಾಗಿ ಗಂಟೆಗಳಾದರೂ ಬರದಿದ್ದರೆ ಮರ ಬಿದ್ದು ಫೈಬರ್ ಕಡಿದಿರಬಹುದು.

ಕರೆಂಟ್ ಹೋಗಿ ಕೆಲವು ಗಂಟೆಗಳ ಮೇಲೆ ಕಡ್ಡಿಗಳೂ ಒಮ್ಮೆಲೇ ಮಾಯವಾದರೆ ಟವರ್‌ನ ಬ್ಯಾಟರಿ ಮುಗಿದಿದೆ. ಎರಡರಲ್ಲೂ ಫೋನಿನಲ್ಲಿ ಮಾಡುವ ರಿಪೇರಿ ಏನೂ ಇಲ್ಲ. ದೂರು ಕೊಡುವ ಬಗೆ ಕೊನೆಯಲ್ಲಿದೆ. ಒಂದು ಮಾತು ನೆನಪಿರಲಿ: ನಿಮ್ಮ ಕಂಪನಿಯ ಟವರ್ ಸತ್ತಿದ್ದರೂ ಬೇರೆ ಯಾವುದೇ ಕಂಪನಿಯ ಸಿಗ್ನಲ್ ಹಿಡಿದು 112ಕ್ಕೆ ಕರೆ ಹೋಗಲು ಅವಕಾಶವಿದೆ. 'ಎಮರ್ಜೆನ್ಸಿ ಕಾಲ್ಸ್ ಓನ್ಲಿ' ಎಂದು ತೋರಿಸುತ್ತಿದ್ದರೆ ಪ್ರಯತ್ನಿಸಲು ಹಿಂಜರಿಯಬೇಡಿ.

ನೆಟ್ ಓಡುತ್ತದೆ, ಕರೆ ಹೋಗಲ್ಲ. ಅಥವಾ ಕರೆ ಬಂದ ತಕ್ಷಣ ನೆಟ್ ನಿಲ್ಲುತ್ತದೆ

ಎರಡರ ಬೇರೂ ಒಂದೇ. ಡಯಲ್ ಮಾಡುವಾಗ ಮೇಲಿನ ಪಟ್ಟಿಯನ್ನೇ ದಿಟ್ಟಿಸಿ ನೋಡಿ. '4ಜಿ' ಎಂಬುದು ಅಳಿಸಿ 'ಇ' ಅಥವಾ 'ಎಚ್' ಎಂಬ ಇಂಗ್ಲಿಷ್ ಅಕ್ಷರ ಬಂದರೆ ಫೋನ್ ಕರೆಗಾಗಿ ಕೆಳಗಿಳಿಯುತ್ತಿದೆ. 'ಇ' ಎಂದರೆ 2ಜಿ, 'ಎಚ್' ಎಂದರೆ 3ಜಿ. ಇಳಿದ ಮೇಲೆ ರಿಂಗ್ ಆಗಿ ಮಾತು ನಡೆದರೆ ವೋಎಲ್‌ಟಿಇ ಇಲ್ಲ, ಉಳಿದದ್ದು ಸರಿ. ಇಳಿದು ಮೌನವಾಗಿ ಕಟ್ ಆದರೆ ಆ ಜಾಗದಲ್ಲಿ ಇಳಿಯಲು 2ಜಿ ಸಿಗುತ್ತಿಲ್ಲ, ಇಲ್ಲವೇ ಸಿಕ್ಕಿದ್ದು ತೀರಾ ದುರ್ಬಲ.

ಖರ್ಚಿಲ್ಲದ ಉಪಾಯದಿಂದ ಶುರುಮಾಡಿ. ಸೆಟ್ಟಿಂಗ್ಸ್, ಅಲ್ಲಿ ಮೊಬೈಲ್ ನೆಟ್‌ವರ್ಕ್, ಅಲ್ಲಿ ಸಂಬಂಧಪಟ್ಟ ಸಿಮ್. ವೋಎಲ್‌ಟಿಇ ಸ್ವಿಚ್ ಆನ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ. ಕೆಲವು ಫೋನುಗಳಲ್ಲಿ ರೀಸ್ಟಾರ್ಟ್ ಆಗದೆ ಅದು ಜಾರಿಗೆ ಬರುವುದಿಲ್ಲ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ.

ಹಳೆಯ ಎರಡು ಸಿಮ್ ಫೋನುಗಳಲ್ಲಿ ಇನ್ನೊಂದು ತೊಡಕಿದೆ: ಎರಡನೇ ಸ್ಲಾಟ್ 2ಜಿ ಅಥವಾ 3ಜಿಗಷ್ಟೇ ಮಾಡಿದ್ದು. ಊರಿನಲ್ಲಿ ಹಲವರು ಮನೆಯ ಹಳೇ ನಂಬರಿನ ಸಿಮ್ಮನ್ನು ಎರಡನೆಯದರಲ್ಲಿ ಇಟ್ಟಿರುತ್ತಾರೆ. ಟವರ್‌ಗೆ 4ಜಿ ಬಂದರೂ ಆ ಸ್ಲಾಟ್‌ಗೆ ಅದು ಕಾಣುವುದೇ ಇಲ್ಲ. ಎರಡನ್ನೂ ಅದಲುಬದಲು ಮಾಡಿ ನೋಡಿ. ಒಂದು ಪೈಸೆ ಖರ್ಚಿಲ್ಲ.

ಇಷ್ಟಾದರೂ ಸ್ವಿಚ್ಚೇ ಕಾಣದಿದ್ದರೆ ಸಿಮ್ ಅದಲುಬದಲು ಪರೀಕ್ಷೆ ಮಾಡಿ. ಈ ಕೈಪಿಡಿಯಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಇದು. ನಿಮ್ಮ ಸಿಮ್ಮನ್ನು ಮನೆಯ ಹೊಸ ಫೋನಿಗೆ ಹಾಕಿ. ಅಲ್ಲಿ ವೋಎಲ್‌ಟಿಇ ಬಂದರೆ ಸಿಮ್ಮೂ ಖಾತೆಯೂ ಸರಿ, ಕೊರತೆ ಹಳೆಯ ಫೋನಿನದು. ಅಲ್ಲಿಯೂ ಬಾರದಿದ್ದರೆ ಸಿಮ್ 3ಜಿ ಕಾಲದ್ದಿರಬಹುದು, ಬದಲಾಯಿಸಬೇಕು. ಈಗ ಉಲ್ಟಾ: ಬೇರೆ ಕಂಪನಿಯ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ. ಅದಕ್ಕೆ ಸ್ವಿಚ್ ಕಂಡರೆ ಫೋನಿನ ಯಂತ್ರಾಂಶ ಗಟ್ಟಿಯಿದೆ, ನಿಮ್ಮ ಕಂಪನಿಯ ಪ್ರೊಫೈಲ್, ಅಂದರೆ ಆ ಕಂಪನಿಯ ವೋಎಲ್‌ಟಿಇ ನಡೆಸಲು ಬೇಕಾದ ಸೆಟ್ಟಿಂಗ್‌ಗಳ ಕಟ್ಟು, ಅದರ ತಂತ್ರಾಂಶದಲ್ಲಿ ಇಲ್ಲ. ಫೋನ್ ತಯಾರಕರು ಒಂದೊಂದು ಕಂಪನಿಗೂ ಬೇರೆ ಬೇರೆ ಪ್ರೊಫೈಲ್ ತುಂಬಿಸುತ್ತಾರೆ. ಕೊಲ್ಲಿ ದೇಶದಿಂದಲೋ ಅಮೆರಿಕದಿಂದಲೋ ತಂದ ಫೋನಿನಲ್ಲಿ ಭಾರತದ ಕಂಪನಿಗಳದ್ದು ಇಲ್ಲದಿರುವುದು ಇದರಿಂದಲೇ. ವೈಫೈ ಇರುವ ಕಡೆ ಹೋಗಿ ಸಿಸ್ಟಂ ಅಪ್‌ಡೇಟ್ ಹಾಕಿಸಿ. ಐಫೋನ್ ಆದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆರೆದು ಅರ್ಧ ನಿಮಿಷ ಕಾದರೆ ಕಂಪನಿಯ ಹೊಸ ಸೆಟ್ಟಿಂಗ್ ಇದ್ದಲ್ಲಿ ತಾನೇ ಕೇಳುತ್ತದೆ. ಅಪ್‌ಡೇಟ್ ಬರುವುದೇ ನಿಂತ ಫೋನಾದರೆ ಅಲ್ಲಿಗೆ ನಿಲ್ಲಿಸಿ. ಅಂಗಡಿಯಲ್ಲಿ 'ಸಾಫ್ಟ್‌ವೇರ್ ಹೊಡೆಸಿ' ವೋಎಲ್‌ಟಿಇ ತರಿಸಲು ಹೋದರೆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಅಳಿಸಿಹೋಗುವ, ಫೋನೇ ಏಳದಿರುವ ಅಪಾಯವಿದೆ.

ಬಿಎಸ್‌ಎನ್‌ಎಲ್ ಸಿಮ್ಮಿನವರು ಫೋನಿನ ಬ್ಯಾಂಡ್ ಪಟ್ಟಿಯನ್ನೂ, ಅಂದರೆ ಫೋನ್ ಯಾವ ಯಾವ ತರಂಗ ಹಿಡಿಯಬಲ್ಲದು ಎಂಬ ಪಟ್ಟಿಯನ್ನೂ ನೋಡಿ. ಅವರ 4ಜಿ ಮುಖ್ಯವಾಗಿ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1ರಲ್ಲಿದೆ. ಗುಡ್ಡ ಬಳಸಿ ದೂರ ಹೋಗುವುದು 700. ಪಕ್ಕದವರಿಗೆ 4ಜಿ ಸಿಗುವುದು 700ರಲ್ಲಾದರೆ, ಬ್ಯಾಂಡ್ 28 ಇಲ್ಲದ ಫೋನಿಗೆ ಅದು ಇವತ್ತೂ ಕಾಣದು, ನಾಳೆಯೂ ಕಾಣದು. ಯಾವ ಸೆಟ್ಟಿಂಗೂ ಇದನ್ನು ಸರಿಮಾಡುವುದಿಲ್ಲ.

'4ಜಿ ಮಾತ್ರ' ಎಂದು ಕಟ್ಟಿಹಾಕಿದ ಫೋನ್

ನೆಟ್ ವೇಗವಾಗಲೆಂದು ಫೋನನ್ನು 4ಜಿಗೇ ಬೀಗ ಹಾಕುವ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟಿವೆ. ಹೆಚ್ಚಿನವು ಆಂಡ್ರಾಯ್ಡ್‌ನ ಒಳಗೇ ಇರುವ ಪರೀಕ್ಷಾ ಪುಟವನ್ನು ತೆರೆದುಕೊಡುತ್ತವೆ, ಅಷ್ಟೇ. ಡಯಲರ್‌ನಲ್ಲಿ *#*#4636#*#* ಒತ್ತಿದರೂ ಹಲವು ಫೋನುಗಳಲ್ಲಿ ಅದೇ ಪುಟ ಬರುತ್ತದೆ. ಅಲ್ಲಿ 'ಎಲ್‌ಟಿಇ ಓನ್ಲಿ' (ಎಲ್‌ಟಿಇ ಎಂದರೆ 4ಜಿಯೇ) ಆರಿಸಿದರೆ ಕೆಳಗಿಳಿಯುವ ಬಾಗಿಲು ಮುಚ್ಚುತ್ತದೆ. ವೋಎಲ್‌ಟಿಇ ಇದ್ದರೆ ತೊಂದರೆ ಕಾಣದು. ಇಲ್ಲದಿದ್ದರೆ ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಕರೆ ಮಾಡಿದವರಿಗೆ 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಎಂದು ಕೇಳಿಸುತ್ತದೆ. ಇತ್ತ ನಿಮ್ಮ ಫೋನಿನಲ್ಲಿ ಯೂಟ್ಯೂಬ್ ಓಡುತ್ತಿರುವುದರಿಂದ ಅನುಮಾನವೂ ಬಾರದು.

ಇದನ್ನು ಪರೀಕ್ಷೆಗೆ ಮಾತ್ರ ಬಳಸಿ. ಐದು ನಿಮಿಷ '4ಜಿ ಮಾತ್ರ' ಇಟ್ಟು ಕರೆ ಹೋಗುತ್ತದೆಯೇ ನೋಡಿದರೆ ವೋಎಲ್‌ಟಿಇ ಇದೆಯೋ ಇಲ್ಲವೋ ಖಚಿತವಾಗುತ್ತದೆ. ಆಮೇಲೆ 2ಜಿಯೂ ಸೇರಿದ 'ಆಟೊ' ಆಯ್ಕೆಗೆ ಮರಳಿಸಲೇಬೇಕು. ವಯಸ್ಸಾದ ಅಪ್ಪಯ್ಯನೋ ಅಮ್ಮನೋ ಒಬ್ಬರೇ ಇರುವ ಮನೆಯ ಫೋನನ್ನು ಈ ಬೀಗ ಹಾಕಿ ಬಿಟ್ಟುಬರಬೇಡಿ. ರಾತ್ರಿ ಆಂಬುಲೆನ್ಸ್‌ಗೆ ಕರೆ ಮಾಡುವ ಹೊತ್ತಿನಲ್ಲಿ ತೊಂದರೆ ಪತ್ತೆಯಾದರೆ ಸರಿಮಾಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆಂಡ್ರಾಯ್ಡ್ 12ರಿಂದ ಕೆಲವು ಫೋನುಗಳಲ್ಲಿ 'ಅಲೋ 2ಜಿ' ಎಂಬ ಸ್ವಿಚ್ಚೂ ಬಂದಿದೆ. ನಕಲಿ ಟವರ್‌ಗಳಿಂದ ಬರುವ ಮೋಸದ ಎಸ್‌ಎಂಎಸ್ ತಡೆಯಲು ಅದನ್ನು ಆಫ್ ಮಾಡಿ ಎಂಬ ಸಲಹೆ ಓಡಾಡುತ್ತದೆ. ಸಲಹೆ ಒಳ್ಳೆಯದೇ, ಆದರೆ ವೋಎಲ್‌ಟಿಇ ನಡೆಯುತ್ತಿದೆ ಎಂದು ಖಚಿತಮಾಡಿಕೊಂಡ ಮೇಲೆ.

4ಜಿ, 2ಜಿ ನಡುವೆ ಜೋಕಾಲಿ. ಫೋನ್ ಬಿಸಿ, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ

ಸಿಗ್ನಲ್ ಅಂಚಿನಲ್ಲಿರುವ ಮನೆಗಳ ಕಾಯಿಲೆ ಇದು. 4ಜಿ ಕ್ಷೀಣಿಸಿದಾಗ ಫೋನ್ 2ಜಿಗೆ ಇಳಿಯುತ್ತದೆ, ಮತ್ತೆ 4ಜಿ ಹುಡುಕುತ್ತದೆ, ಪ್ರತಿ ಹುಡುಕಾಟಕ್ಕೂ ಬ್ಯಾಟರಿ ತಿನ್ನುತ್ತದೆ. ಕಡ್ಡಿ ಎಣಿಸಿ ಏನೂ ತಿಳಿಯದು, ಒಬ್ಬೊಬ್ಬ ತಯಾರಕನದು ಒಂದೊಂದು ಲೆಕ್ಕ. ಮೇಲೆ ಹೇಳಿದ 4636 ಪುಟದಲ್ಲಿ, ಸ್ಯಾಮ್‌ಸಂಗ್‌ನಲ್ಲಿ *#0011# ಒತ್ತಿ, ಐಫೋನ್‌ನಲ್ಲಿ *3001#12345#* ಡಯಲ್ ಮಾಡಿ ಸಿಗ್ನಲ್‌ನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ನೋಡಿ. ಅದು ಡಿಬಿಎಂ ಅಳತೆಯಲ್ಲಿ, ಮೈನಸ್ ಚಿಹ್ನೆಯೊಂದಿಗೆ ಇರುತ್ತದೆ. -90ಕ್ಕಿಂತ ಮೇಲಿದ್ದರೆ (-85, -80 ಹೀಗೆ) ಚೆನ್ನಾಗಿದೆ. -100ರ ಆಸುಪಾಸು ನಡೆಯುತ್ತದೆ. -110 ದಾಟಿ ಕೆಳಗಿಳಿದರೆ ಕರೆ ಮುರಿಯತೊಡಗುತ್ತದೆ, -120ರಲ್ಲಿ ಫೋನ್ ಕೈಬಿಡುತ್ತದೆ. 10 ಅಂಕಿ ಕಡಿಮೆಯಾದರೆ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಇಳಿದಂತೆ.

ಜಗುಲಿ, ನಡುಮನೆ, ಉಪ್ಪರಿಗೆ, ಅಂಗಳ, ಹೀಗೆ ನಾಲ್ಕು ಕಡೆ ಒಂದೊಂದು ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ಅಂಗಳದಲ್ಲಿ -95, ಒಳಗೆ -115 ಬಂದರೆ ತಡೆಯುತ್ತಿರುವುದು ಮನೆ. ದಪ್ಪ ಕೆಂಪುಕಲ್ಲಿನ ಗೋಡೆ ಒಂದು ಪಾಲು, ಮಳೆಗೆಂದು ಟೆರೇಸ್ ಮೇಲೆ ಹೊದಿಸಿದ ತಗಡಿನ ಶೀಟು ಅದಕ್ಕಿಂತ ದೊಡ್ಡ ಪಾಲು. ಲೋಹವನ್ನು ದಾಟಿ ತರಂಗ ಒಳಬರುವುದಿಲ್ಲ, ಕಿಟಕಿಯಿಂದ ನುಸುಳಿದ್ದಷ್ಟೇ ಸಿಗುತ್ತದೆ. ಇಂಥ ಮನೆಯಲ್ಲಿ ಫೈಬರ್ ಇಂಟರ್ನೆಟ್ ಇದ್ದರೆ ಟವರ್ ಬದಲು ವೈಫೈ ಮೂಲಕ ಕರೆ ಕಳಿಸುವ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು. ಕಂಪನಿ ಮತ್ತು ಫೋನ್ ಎರಡರಲ್ಲೂ ಆ ಸೌಲಭ್ಯ ಇರಬೇಕು. ಕರೆಂಟ್ ಹೋದಾಗಲೂ ನಡೆಯಬೇಕಾದರೆ ರೌಟರ್‌ಗೆ ಸಣ್ಣ ಯುಪಿಎಸ್ ಬೇಕು. ಬಹುತೇಕ ರೌಟರ್‌ಗಳದ್ದು 12 ವೋಲ್ಟ್. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ ಹೊಂದಿಸಿ.

ಆನ್‌ಲೈನ್‌ನಲ್ಲಿ ಸಿಗುವ 'ಸಿಗ್ನಲ್ ಬೂಸ್ಟರ್' ಕೊಳ್ಳಬೇಡಿ. ಪರವಾನಗಿ ಇಲ್ಲದೆ ಹಾಕುವುದು ಕಾನೂನುಬಾಹಿರ. ಅದು ಟವರ್‌ನ ಕಿವಿಯಲ್ಲಿ ಗದ್ದಲ ತುಂಬಿಸಿ ಇಡೀ ಊರಿನ ಕರೆ ಕೆಡಿಸುತ್ತದೆ. ಸಿಗ್ನಲ್ ಹುಡುಕುತ್ತ ಗುಡುಗು ಸಿಡಿಲಿನ ಹೊತ್ತಿನಲ್ಲಿ ಬೋಳುಗುಡ್ಡದ ನೆತ್ತಿಗೆ ಹೋಗುವುದೂ ಬೇಡ.

5ಜಿ ಎಂದು ತೋರಿಸುತ್ತದೆ, ವೇಗ ಇಲ್ಲ

4ಜಿಯನ್ನು ಆಧಾರವಾಗಿಟ್ಟುಕೊಂಡ ಬಗೆಯ 5ಜಿಯಲ್ಲಿ, ಟವರ್ 5ಜಿ ಕೊಡಬಲ್ಲದು ಎಂದು ಸೂಚಿಸಿದರೆ ಸಾಕು, ಕೆಲವು ಫೋನುಗಳು ನಿಜವಾಗಿ ಸೇರುವ ಮೊದಲೇ ಗುರುತು ತೋರಿಸುತ್ತವೆ. ಏರ್‌ಟೆಲ್ ಶುರುಮಾಡಿದ್ದು ಆ ಬಗೆಯಿಂದ. ಜಿಯೊದು 4ಜಿಯ ಆಸರೆ ಬೇಡದ ಸ್ವತಂತ್ರ 5ಜಿ, ಅದನ್ನು ಅರಿಯದ ಹಳೆಯ 5ಜಿ ಫೋನಿಗೆ ಗುರುತೇ ಬಾರದು. ಶಿವಮೊಗ್ಗ ಪೇಟೆ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಗುರುತು ಬಂದುಹೋಗಿ ಮಾಡುತ್ತಿದ್ದರೆ 'ಪ್ರಿಫರ್ಡ್ ನೆಟ್‌ವರ್ಕ್ ಟೈಪ್' ಅನ್ನು 4ಜಿಗೆ ಇಳಿಸಿ. ಇದು ಬೀಗವಲ್ಲ, 2ಜಿಗೆ ಇಳಿಯುವ ದಾರಿ ತೆರೆದೇ ಇರುತ್ತದೆ.

ಸಿಮ್ ಬದಲಿಸಿದ ಮೇಲೆ ಒಟಿಪಿ ಬರುತ್ತಿಲ್ಲ

ಗಾಬರಿ ಬೇಡ. ಸಿಮ್ ಬದಲಾದ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವುದು ದೂರಸಂಪರ್ಕ ಇಲಾಖೆಯ ನಿಯಮ, ನಿಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದು ಖಾತೆ ದೋಚದಿರಲೆಂದು. ಸೊಸೈಟಿಯ ಕಂತು ಕಟ್ಟುವ, ಅಡಿಕೆ ದುಡ್ಡು ವರ್ಗಾಯಿಸುವ ದಿನ ಸಿಮ್ ಬದಲಿಸಲು ಹೋಗಬೇಡಿ. ನೆಟ್ ಮಾತ್ರ ಬಾರದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಪಿಎನ್ (ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು) ನೋಡಿ. ಬಿಎಸ್‌ಎನ್‌ಎಲ್‌ಗೆ 'ಬಿಎಸ್‌ಎನ್‌ಎಲ್‌ನೆಟ್', ಜಿಯೊಗೆ 'ಜಿಯೊನೆಟ್', ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

"ನಿಮ್ಮ ಸಿಮ್ 4ಜಿಗೆ ಅಪ್‌ಗ್ರೇಡ್ ಆಗದಿದ್ದರೆ ಇವತ್ತೇ ಬಂದ್" ಎಂದು ಫೋನ್ ಬಂದರೆ ಅದು ಮೋಸ. ಸಿಮ್ ಮೇಲಿನ ಉದ್ದ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ಹೇಳಬೇಡಿ. ಹೇಳಿಬಿಟ್ಟಿದ್ದು, ಫೋನಿನಲ್ಲಿ ಇದ್ದಕ್ಕಿದ್ದಂತೆ 'ನೋ ಸರ್ವಿಸ್' ಬಂದರೆ ತಡಮಾಡದೆ ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ತೋಟದ ಮೋಟಾರ್ ಮೊಬೈಲ್‌ನಿಂದ ಸ್ಟಾರ್ಟ್ ಆಗುತ್ತಿಲ್ಲ

ಜನವರಿಯಿಂದ ಮೇವರೆಗೆ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಈ ದೋಷ ದುಬಾರಿ. ಒಳಗೆ ಕೈ ಹಾಕುವ ಮೊದಲು ಒಂದು ಕಟ್ಟುನಿಟ್ಟು: ಸಿಮ್ ಹಾಕಿದ ಸ್ಟಾರ್ಟರ್ ಪೆಟ್ಟಿಗೆಯೊಳಗೆ 415 ವೋಲ್ಟ್ ಇದೆ. ಮೇನ್ ಆಫ್ ಮಾಡಿ, ಫ್ಯೂಸ್ ಕ್ಯಾರಿಯರ್ ಮೂರನ್ನೂ ಕಿತ್ತು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಮನೆಯಲ್ಲಿದ್ದವರು ಗೊತ್ತಿಲ್ಲದೆ ಮಿಸ್ಡ್ ಕಾಲ್ ಕೊಟ್ಟರೂ ಮೋಟಾರ್ ತಿರುಗಬಾರದು. ಕೈ, ನೆಲ, ಕಾಲು ಒಣಗಿರಬೇಕು.

ಪೆಟ್ಟಿಗೆ ತೆರೆಯುವ ಮುಂಚೆ, ಕರೆಂಟ್ ಇರುವಾಗಲೇ ಅದರ ಹೊರಗಿನ ಗುಂಡಿ ಒತ್ತಿದರೆ ಮೋಟಾರ್ ಓಡುತ್ತದೆಯೇ? ಓಡದಿದ್ದರೆ ದೋಷ ನೆಟ್‌ವರ್ಕ್‌ನದಲ್ಲ, ಎಲೆಕ್ಟ್ರಿಷಿಯನ್ ಕರೆಸಿ. ಓಡಿದರೆ ಮೇಲೆ ಹೇಳಿದಂತೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಅದರ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ, ಅದೇ ಪಂಪ್‌ಹೌಸ್‌ನಲ್ಲಿ ನಿಂತು ಕರೆ ಬರುತ್ತದೆಯೇ ನೋಡಿ. ವರ್ಷವಿಡೀ ಯಾರೂ ನೋಡದ ಈ ಸಿಮ್ಮಿನ ವ್ಯಾಲಿಡಿಟಿ ಮಳೆಗಾಲದಲ್ಲೇ ಮುಗಿದಿರುವುದು ಸಾಮಾನ್ಯ.

ಅಗ್ಗದ ಸ್ಟಾರ್ಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಸಿಮ್800 ಜಾತಿಯ 2ಜಿ ಮೋಡೆಮ್, ಅಂದರೆ ನೆಟ್‌ವರ್ಕ್ ಹಿಡಿಯುವ ಭಾಗ. ಜಿಯೊ ಸಿಮ್ ಅದರಲ್ಲಿ ಎಂದೂ ನಡೆಯದು. ಫ್ಯೂಸ್ ಹಾಕಿ, ದೂರ ನಿಂತು ಅದರ ಪುಟ್ಟ ದೀಪ ನೋಡಿ. ಸೆಕೆಂಡಿಗೊಮ್ಮೆಯಂತೆ ಬೇಗ ಬೇಗ ಮಿಣುಕಿದರೆ ನೆಟ್‌ವರ್ಕ್ ಹುಡುಕುತ್ತಿದೆ, ಸುಮಾರು 3 ಸೆಕೆಂಡಿಗೊಮ್ಮೆ ಮಿಣುಕಿದರೆ ಸಿಕ್ಕಿದೆ. ಕೆಲವು ಸಲ ಮಿಣುಕಿ ಪೂರ್ತಿ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದರೆ ಮೋಡೆಮ್‌ಗೆ ಕರೆಂಟ್ ಸಾಲುತ್ತಿಲ್ಲ. ನೆಟ್‌ವರ್ಕ್‌ಗೆ ಸೇರುವ ಕ್ಷಣದಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ, ಮುದಿಯಾದ ಕೆಪಾಸಿಟರ್ ಅಷ್ಟು ಕೊಡಲಾರದು. ಅದು ಬೋರ್ಡ್ ರಿಪೇರಿ ಮಾಡುವವರ ಕೆಲಸ. ಕಬ್ಬಿಣದ ಪೆಟ್ಟಿಗೆಯೊಳಗೆ ಆಂಟೆನಾ ಮಡಚಿಟ್ಟಿದ್ದರೆ ಮತ್ತೆ ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಹೊರಗೆ ತನ್ನಿ. ಸ್ಕ್ರೂ ಕೈಯಲ್ಲಿ ಬಿಗಿ ಮಾಡಿದರೆ ಸಾಕು.

ಆ ಜಾಗದಲ್ಲಿ 2ಜಿಯೇ ಬಡವಾಗಿದ್ದರೆ 4ಜಿ ಸ್ಟಾರ್ಟರ್ ಕೊಳ್ಳಬೇಕಾದೀತು. ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಇದರ ಮೋಡೆಮ್ ವೋಎಲ್‌ಟಿಇ ಕರೆ ಎತ್ತುತ್ತದೆಯೇ? ನಮ್ಮ ಸಿಮ್ಮಿನ ಕಂಪನಿಯ ಬ್ಯಾಂಡ್ ಇದರಲ್ಲಿದೆಯೇ? 4ಜಿ ಎಂದು ಬರೆದಿದ್ದರೂ ಡೇಟಾ ಮಾತ್ರ ಬಲ್ಲ ಮೋಡೆಮ್‌ಗಳಿವೆ. ಅವು ಆ್ಯಪ್‌ಗೆ ಓಗೊಡುತ್ತವೆ, ಮಿಸ್ಡ್ ಕಾಲ್‌ಗೆ ಕಿವುಡು.

ದೂರು ಕೊಡುವುದು

ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಕೂಡ ಮಾಡಿ ನೋಡಿಯಾಗಿದ್ದರೆ, ಅದರಿಂದ ವೈಫೈ ಪಾಸ್‌ವರ್ಡ್‌ಗಳೆಲ್ಲ ಅಳಿಯುತ್ತವೆ ಎಂಬುದು ಗೊತ್ತಿರಲಿ, ಆಮೇಲೆ ನಿಮ್ಮ ಕಂಪನಿಯ ಸಿಮ್ಮಿನಿಂದ 198ಕ್ಕೆ ಕರೆ ಮಾಡಿ. "ಟವರ್ ಇಲ್ಲ" ಎಂದಷ್ಟೇ ಹೇಳಿದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಸಿಗುತ್ತದೆ. ಊರು, ಪಿನ್‌ಕೋಡ್, ಅಂಗಳದ ಆರ್‌ಎಸ್‌ಆರ್‌ಪಿ ಅಂಕಿ, ಯಾವ ಹೊತ್ತಿನಲ್ಲಿ ಕೆಡುತ್ತದೆ, ಕರೆ ಮಾಡುವಾಗ 4ಜಿಯಿಂದ 2ಜಿಗೆ ಇಳಿಯುತ್ತದೋ ಇಲ್ಲವೋ, ಅದೇ ಕಂಪನಿಯ ಬೇರೆ ಎಷ್ಟು ಮನೆಗಳಲ್ಲಿ ಹೀಗೇ ಆಗಿದೆ, ಇಷ್ಟನ್ನು ಹೇಳಿ ದೂರು ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ ಇದ್ದರೆ ಮಾತ್ರ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ದಾರಿಯಿದೆ. ಒಂದೇ ಕೇರಿಯಿಂದ ನಾಲ್ಕು ನಂಬರುಗಳಿಂದ ಬೇರೆ ಬೇರೆ ದೂರು ದಾಖಲಾಗಲಿ.